ಹದಿನಾರೂವರೆ ಅಡಿಯ ಪಕ್ಕಾಸು

ಈ ಬರಹದಲ್ಲಿ ಒಂದು ಬಸ್ಸು ಬರುತ್ತದೆ. ಅದಕ್ಕೆ ನಾನು ನೀಲಿ ಬಣ್ಣ ಬಳಿದಿದ್ದೇನೆ, ಹಸಿರಿದ್ದರೂ ಇದ್ದೀತು. ನನ್ನ ಹಳೆಯ ಡೈರಿಯನ್ನು ನಂಬುವುದಾದರೆ ನಾನು ಆ ಬಸ್ಸು ಹತ್ತಿದ್ದು ಗುರುವಾರ. ನನ್ನನ್ನು ನಂಬುವುದಾದರೆ ಸಂತೆಯ ದಿನ, ಯಾಕೆಂದರೆ ಸೀಟಿನ ಕೆಳಗೆ ಕಟ್ಟಿಹಾಕಿದ್ದ ಕೋಳಿಗಳು ನನ್ನ ಕಾಲು ಕುಕ್ಕಿದ್ದು ಚೆನ್ನಾಗಿ ನೆನಪಿದೆ. ಆದರೆ ಆ ಕೋಳಿಗಳು ಬೇರೆ ಯಾವುದೋ ಪ್ರಯಾಣದಲ್ಲಿ ಇಳಿದು ಈ ಬಸ್ಸಿಗೆ ಹತ್ತಿರಲಿಕ್ಕೂ ಸಾಕು. ನೆನಪಿನ ಕೋಳಿಗಳಿಗೆ ಟಿಕೆಟು ಕೇಳುವವರು ಯಾರು? ಆದ್ದರಿಂದ ಇಲ್ಲಿಯ ವಿವರಗಳ ಮೇಲೆ ಯಾರೂ ಮನೆ ಕಟ್ಟಬೇಡಿ. ಒಂದು ಅಂಕಿಗೆ ಮಾತ್ರ ನಾನು ಜಾಮೀನು ನಿಲ್ಲುತ್ತೇನೆ: ಹದಿನಾರು ಅಡಿ ಆರು ಇಂಚು.

ಇದೆಲ್ಲ ನೆನಪಾದದ್ದು ಒಂದು ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ದೆಸೆಯಿಂದ. ಹೋದ ತಿಂಗಳು ತರಕಾರಿ ಅಂಗಡಿಯಾಕೆ ಅದನ್ನು ತಕ್ಕಡಿಗೆ ಇಡುವ ಮೊದಲೇ ನನ್ನ ಬಾಯಿ ತಾನಾಗಿ ಹೇಳಿತು, "ಒಂದು ಕಿಲೋ ಎಂಟುನೂರು."

ತಕ್ಕಡಿ ಒಂದು ಕಿಲೋ ಎಂಟುನೂರ ಮೂವತ್ತು ತೋರಿಸಿತು. ಆಕೆ ಕಣ್ಣರಳಿಸಿ, "ನೀವು ಮೊದಲು ಅಂಗಡಿ ಇಟ್ಟಿದ್ದಿರಾ?" ಎಂದಳು.

"ಇಲ್ಲ ಮಾರಾಯ್ತಿ, ನಾನು ಇಂಜಿನಿಯರು."

"ಹೌದಾ? ಟೀಚರ್ ಅಂತ ಮಾಡಿದ್ದೆ."

ನನ್ನ ಆಯುಷ್ಯದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹತ್ತಿಯ ಸೀರೆ ಉಟ್ಟು ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಕಾಯುವ ಹೆಂಗಸು ನಮ್ಮ ಕಡೆ ಟೀಚರೇ. ಅದಿರಲಿ. ತಕ್ಕಡಿ ಹೇಳುವ ಮೊದಲು ತಾನು ಹೇಳುವ ಈ ಚಟವನ್ನು ನನಗೆ ಹತ್ತಿಸಿದವರು ದಾಮು ಮಾವ.

ದಾಮು ಮಾವ ಎಂದರೆ ಅಮ್ಮನ ತಮ್ಮ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಅವರ ಕಚೇರಿ. ಜನ ಕಟ್ಟಬೇಕೆಂದಿರುವ ಕಟ್ಟಡದ ಕಂಬ ಎಷ್ಟು ದಪ್ಪ, ತೊಲೆ ಎಷ್ಟು ಆಳ, ಮಾಡಿನ, ಅಂದರೆ ಛಾವಣಿಯ, ಮರ ಎಷ್ಟು ಉದ್ದ ಎಂದು ಲೆಕ್ಕ ಹಾಕಿ ಚಿತ್ರ ಬರೆದುಕೊಡುವುದು ಅವರ ಕೆಲಸ. ನಾನು ಅವರನ್ನು ಮೊದಲು ಕಂಡದ್ದು ಇಂಜಿನಿಯರಾಗಿ ಅಲ್ಲ, ಕೊಳಲು ನುಡಿಸುವವರಾಗಿ. ನಾವು ಮೂಡುಬಿದಿರೆಯಲ್ಲಿದ್ದೆವು, ಅಪ್ಪ ಅಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರು. ಒಂದು ರಜೆಯಲ್ಲಿ ಮಾವ ಬಂದಾಗ ಅವರ ಚೀಲದಿಂದ ಉದ್ದದ ಚರ್ಮದ ಒರೆಯೊಂದು ಇಣುಕುತ್ತಿತ್ತು. ಕೊಳಲು ಎಂದು ನಾನು, ಚೂರಿ ಎಂದು ನನ್ನ ಅಣ್ಣ ಪಂದ್ಯ ಕಟ್ಟಿದೆವು. ಒರೆಯಿಂದ ಹೊರಬಂದದ್ದು ದಂತದ ಬಣ್ಣದ ಒಂದು ಪಟ್ಟಿ. ಅದರ ನಡುವೆ ಜಾರುವ ಇನ್ನೊಂದು ಪಟ್ಟಿ. ಮೇಲೆಲ್ಲ ಇರುವೆ ಸಾಲಿನಂಥ ಗೆರೆಗಳು. ಲೆಕ್ಕ ಮಾಡುವ ಪಟ್ಟಿ, ಸ್ಲೈಡ್ ರೂಲ್.

"ಎರಡು ಮೂರಲ ಎಷ್ಟು?" ಎಂದು ಮಾವ ನಡುವಿನ ಪಟ್ಟಿಯನ್ನು ಜಾರಿಸಿದರು. ಗುರುತು ತೋರುವ ಗಾಜಿನ ಕಡ್ಡಿ ಆರರ ಮೇಲೆ ನಿಂತಿತು. ನಾವು ಚಪ್ಪಾಳೆ ತಟ್ಟಿದೆವು.

"ಇನ್ನು ಇಪ್ಪತ್ತು ಮೂವತ್ತಲ?" ಪಟ್ಟಿ ಕದಲಲೇ ಇಲ್ಲ. ಕಡ್ಡಿ ಅದೇ ಆರರ ಮೇಲೆ.

"ಆರುನೂರು ಆಗ್ಬೇಕಲ್ಲ ಮಾವ? ಸೊನ್ನೆ ಎಲ್ಲಿ?"

"ಸೊನ್ನೆ ಇದರಲ್ಲಿಲ್ಲ. ಅದು ನಿನ್ನ ತಲೆಯಲ್ಲಿರಬೇಕು."

ಆ ಉಪಕರಣದ ದೊಡ್ಡ ಕೊರತೆಯೂ ಅದೇ, ದೊಡ್ಡ ಗುಣವೂ ಅದೇ ಎಂದು ತಿಳಿಯಲು ನನಗೆ ಹದಿನೈದು ವರ್ಷ ಬೇಕಾಯಿತು. ಅವತ್ತೇ ಸಂಜೆ ನಮ್ಮನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗಿ ಮಾವ ಕೇಳಿದರು, "ಎಷ್ಟು ಕಂಬ ಉಂಟು?"

"ಸಾವಿರ."

"ಅದು ಬಸದಿಯ ಹೆಸರು. ನೀನು ಎಷ್ಟು ಹೇಳ್ತಿ?"

ನಾನು ಏನು ಹೇಳಿದೆನೋ ಮರೆತಿದ್ದೇನೆ. ಅಣ್ಣ ಎಣಿಸಲು ಓಡಿದ; ಎರಡು ಸಲ ಎಣಿಸಿ ಎರಡು ಲೆಕ್ಕ ತಂದ. ಮಾವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ಓಡುವ ಮೊದಲು ಒಂದು ಹೇಳಿ ಓಡಬೇಕು ಮಾರಾಯ. ಇಲ್ಲದಿದ್ದರೆ ಎರಡರಲ್ಲಿ ಯಾವುದು ತಪ್ಪು ಅಂತ ಹೇಗೆ ಗೊತ್ತಾಗುದು?" ಎಂದರು. (ಇದನ್ನೆಲ್ಲ ಅವರು ತುಳುವಿನಲ್ಲಿ ಹೇಳಿದ್ದು. ನಾನು ಕನ್ನಡ ಮಾಡುವಾಗ ಅಲ್ಲೂ ಒಂದಿಷ್ಟು ಸೇರಿಸಿರಬಹುದು.)

ಇಂಜಿನಿಯರಿಂಗ್ ಕಾಲೇಜಿಗೆ ನಾನು ಸೇರಿದಾಗ ತರಗತಿಯಲ್ಲಿ ಹುಡುಗಿಯರು ಇಬ್ಬರು, ಕ್ಯಾಲ್ಕುಲೇಟರು ಒಂದು. ಅದೂ ನಮ್ಮಿಬ್ಬರದಲ್ಲ. ನಾನು ಅಪ್ಪನ ಲಾಗರಿತಮ್ ಪುಸ್ತಕವನ್ನು ಮಗ್ಗುಲು ಹರಿಯುವಷ್ಟು ತಿರುಗಿಸಿದೆ. ಆದರೆ ಬಸ್ಸಿನಲ್ಲಿ ನನಗೆ ಹೆಸರು ತಂದದ್ದು ಮಿನಿ ಡ್ರಾಫ್ಟರು. ಎರಡು ಜೋಡಿ ಕಬ್ಬಿಣದ ಕೈಗಳು, ಕೈಯ ಕೊನೆಗೆ ಮೂಲೆಗೂಡಿದ ಎರಡು ಪಾರದರ್ಶಕ ಸ್ಕೇಲು; ಚಿತ್ರ ಬರೆಯುವ ಬೋರ್ಡಿಗೆ ತಿರುಪು ಹಾಕಿ ಬಿಗಿದರೆ ಎಲ್ಲಿಗೆ ಎಳೆದರೂ ಗೆರೆ ಸಮಾಂತರ. ಬೋರ್ಡಿನಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡರೆ ಮಾತ್ರ ಅದು ಯಾವುದೋ ಪ್ರಾಣಿಯ ಅಸ್ಥಿಪಂಜರದಂತೆ ಕೈಕಾಲು ಚಾಚುತ್ತಿತ್ತು. ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ ಕೇಳಿದ್ದರು, "ಇದು ಸೇಮಿಗೆ ಒತ್ತುವ ಹೊಸ ನಮೂನೆಯದ್ದಾ ಮಗಾ?" ಶಾವಿಗೆ ಒತ್ತುವುದೇ ಹೌದು ಎಂದೆ. ಇಲ್ಲ ಎಂದರೆ ಮೂಡುಬಿದಿರೆ ಬರುವವರೆಗೂ ವಿವರಿಸಬೇಕಿತ್ತು.

ಡಿಗ್ರಿ ಆದ ಮೇಲೆ ನಾನು ಮಾವನ ಕಚೇರಿ ಸೇರಿದೆ. ಅಮ್ಮನಿಗೆ ಅದು ಇಷ್ಟವಿರಲಿಲ್ಲ. ಅಪ್ಪ ನಿವೃತ್ತರಾಗುವವರಿದ್ದರು, ಅವರ ಶಾಲೆಯಲ್ಲಿ ಗಣಿತಕ್ಕೆ ಒಬ್ಬರು ಬೇಕಿತ್ತು. "ಹೆಣ್ಣುಮಗಳು ಗೋಡೆ ಹತ್ತಿ ಮರ ಅಳೆಯುವುದು ಎಂತ ಚೆಂದ?" ಎಂಬುದು ಅಮ್ಮನ ವಾದದ ಮೊದಲ ಸಾಲು. ಎರಡನೆಯ ಸಾಲು ಹೆಚ್ಚು ಹರಿತ: "ನೀನು ಮಾಡಿದ ಲೆಕ್ಕಕ್ಕೆಲ್ಲ ಅವನೇ ಸಹಿ ಹಾಕುದಾದರೆ ನೀನು ಅಲ್ಲಿ ಯಾಕೆ?"

ಅದು ಸತ್ಯ. ಪ್ರತಿ ಚಿತ್ರದ ಬಲಬದಿಯ ಕೆಳಮೂಲೆಯಲ್ಲಿ ಮೂರು ಚೌಕಗಳಿರುತ್ತಿದ್ದವು: ವಿನ್ಯಾಸ, ಚಿತ್ರ, ತಪಾಸಣೆ. ಮೊದಲ ಚೌಕದಲ್ಲಿ ನನ್ನ ಹೆಸರು ಬರಲು ಶುರುವಾಗಿತ್ತು. ಎರಡನೆಯದು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಚಿತ್ರ ಬರೆಯುವ ಶೀನಣ್ಣನದು. ಮೂರನೆಯದು ಮಾವನದೇ. ಆ ಮೂರನೆಯ ಚೌಕದಲ್ಲಿ ಸಹಿ ಬಿದ್ದ ಮೇಲೆಯೇ ಕಾಗದಕ್ಕೆ ಬೆಲೆ. ಅಮ್ಮ ಗಡುವು ಹಾಕಿದಳು: ಜೂನಿಗೆ ಶಾಲೆ ತೆರೆಯುವುದರೊಳಗೆ ಆ ಚೌಕ ನಿನ್ನದಾದರೆ ಅಲ್ಲೇ ಇರು, ಇಲ್ಲದಿದ್ದರೆ ಬಂದು ಶಾಲೆ ಸೇರು. ನಾನು ಒಪ್ಪಿದೆ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಯಾವ ಗಡುವಿಗೂ ಒಪ್ಪಬಹುದು.

ಮಾವನ ಕಚೇರಿಯಲ್ಲಿ ಒಂದು ಕ್ರಮವಿತ್ತು. ಲೆಕ್ಕದ ಹಾಳೆಯ ಎಡಗಡೆ ಪೆನ್ಸಿಲಿನಲ್ಲಿ ಒಂದು ಉದ್ದ ಗೆರೆ ಎಳೆದು, ಆ ಕಿರಿದಾದ ಜಾಗದಲ್ಲಿ ಮೊದಲು ಅಂದಾಜು ಬರೆಯಬೇಕು. ಬರೆದ ಮೇಲೆಯೇ ಉಪಕರಣ ಮುಟ್ಟಬೇಕು. ಸ್ಲೈಡ್ ರೂಲಿಗೆ ಸೊನ್ನೆಯ ಜ್ಞಾನ ಇಲ್ಲದ್ದರಿಂದ ಹುಟ್ಟಿದ ಕ್ರಮ ಅದು. ಉತ್ತರ ಆರೋ ಅರುವತ್ತೋ ಆರುನೂರೋ ಎಂದು ಮನುಷ್ಯನೇ ಹೇಳಬೇಕಲ್ಲ. "ಕೈ ಹಾಕುವ ಮೊದಲು ಬಾಯಿ ಹಾಕು" ಎನ್ನುತ್ತಿದ್ದರು ಮಾವ. ಊಟದ ಎಲೆಯ ಮುಂದೆ ಇದನ್ನು ಹೇಳಿದಾಗ ಅತ್ತೆ ಬೈದದ್ದೂ ಉಂಟು.

ಸ್ಲೈಡ್ ರೂಲು ಒಂದೇ ಇತ್ತು, ಮತ್ತು ಅದು ಮಾವನ ಕೈಬಿಟ್ಟು ಬರುತ್ತಿರಲಿಲ್ಲ. ನನಗೊಂದು ಕ್ಯಾಲ್ಕುಲೇಟರು ಬೇಕೆಂದು ಆರು ತಿಂಗಳು ಗೋಗರೆದೆ. ಕೊನೆಗೆ ಒಂದು ದಿನ ಮಾವ, "ಸರಿ, ಫರಂಗಿಪೇಟೆಗೆ ಹೋಗುವ" ಎಂದರು. ಅಲ್ಲಿ ಅವರ ಸ್ನೇಹಿತ ಹಮೀದ್ ಬ್ಯಾರಿಯವರ ಕಬ್ಬಿಣ, ಸಿಮೆಂಟಿನ ಅಂಗಡಿ. ಅವರ ತಮ್ಮ ದುಬೈಯಿಂದ ಊರಿಗೆ ಬರುವಾಗ ತಂದ ಮೂರು ಯಂತ್ರಗಳು ಮೊಳೆಯ ಡಬ್ಬಗಳ ನಡುವೆ, ಟವೆಲಿನ ಮೇಲೆ, ಮದುಮಕ್ಕಳಂತೆ ಕುಳಿತಿದ್ದವು.

"ಇದು ನೋಡಿ," ಎಂದು ಹಮೀದರು ಮೊದಲನೆಯದನ್ನು ಎತ್ತಿದರು. "ಒಂದೊಂದು ಗುಂಡಿಗೆ ಒಂದೊಂದು ಸ್ವರ. ಲೆಕ್ಕ ಮಾಡಿದ ಹಾಗೂ ಆಯ್ತು, ಸಂಗೀತವೂ ಆಯ್ತು."

"ನಮ್ಮ ಶೀನ ಕೆಲಸ ಬಿಟ್ಟು ಕುಣೀತಾನೆ. ಬೇಡ," ಎಂದರು ಮಾವ.

"ಹಾಗಾದ್ರೆ ಇದು. ಬ್ಯಾಟರಿ ಬೇಡ, ಬೆಳಕಲ್ಲಿ ನಡೀತದೆ."

"ಹಮೀದ್, ನೀನು ಜುಲೈಯಲ್ಲಿ ಬಿ.ಸಿ. ರೋಡಿಗೆ ಬಂದಿದ್ದಿಯಾ? ಅಲ್ಲಿ ನಮಗೇ ಬೆಳಕಿಲ್ಲ, ಇದಕ್ಕೆಲ್ಲಿಂದ ಕೊಡುದು?"

ಮೂರನೆಯದರ ಮೇಲೆ ನಲವತ್ತಕ್ಕೂ ಹೆಚ್ಚು ಗುಂಡಿಗಳು. ಸೈನ್, ಕಾಸ್, ಟ್ಯಾನ್, ಲಾಗ್ ಎಲ್ಲ ಇದ್ದವು. ನನ್ನ ಕಣ್ಣು ಮೊದಲಿನಿಂದಲೂ ಅದರ ಮೇಲೆಯೇ. ಹಮೀದರು ಅದನ್ನು ನನ್ನ ಕೈಗೆ ಕೊಟ್ಟು, "ಇದರಲ್ಲಿ ಅರ್ಧ ಗುಂಡಿ ಎಂತಕ್ಕೆ ಅಂತ ನನ್ನ ತಮ್ಮನಿಗೂ ಗೊತ್ತಿಲ್ಲ. ನೀವು ಇಂಜಿನಿಯರಮ್ಮ, ನಿಮಗೆ ಗೊತ್ತಿರ್ತದೆ" ಎಂದರು. ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ತಲೆ ಆಡಿಸಿದೆ. ಆ ತಲೆಯಾಟದ ಫಲ ಮುಂದೆ ಬರುತ್ತದೆ.

ಮಾವ ಕ್ಯಾಲ್ಕುಲೇಟರನ್ನು ಕಚೇರಿಗೆ ಬಿಟ್ಟುಕೊಂಡರೂ ಮರ್ಯಾದೆ ಕೊಟ್ಟಿರಲಿಲ್ಲ. "ಎರಡು ಅಂಕಿ ಗೊತ್ತಿದ್ದರೆ ಸಾಕಾಗುವಲ್ಲಿ ಇದು ಎಂಟು ಅಂಕಿ ಹೇಳ್ತದೆ. ಮಾತಾಳಿ," ಎನ್ನುತ್ತಿದ್ದರು. ಅದಕ್ಕೆ ಮರ್ಯಾದೆ ತಂದುಕೊಟ್ಟದ್ದು ವಾಸು ಆಚಾರ್ರು.

ಆಚಾರ್ರು ಬಡಗಿ; ಮಾವನ ಹೆಚ್ಚಿನ ಮಾಡುಗಳ ಮರದ ಕೆಲಸ ಅವರದೇ. ಬೆಳ್ತಂಗಡಿಯಲ್ಲಿ ಒಂದು ಮನೆಗೆ ಪಾಯದ ಗೂಟ ಹೊಡೆಯುವ ದಿನ ಅವರು ಆಯ ನೋಡುತ್ತಿದ್ದರು. ಮನೆಯ ಸುತ್ತಳತೆಯನ್ನು ಕೋಲು, ಅಂಗುಲಗಳಲ್ಲಿ ತೆಗೆದು, ಅದನ್ನೇನೋ ಗುಣಿಸಿ, ಎಂಟರಿಂದ ಭಾಗಿಸಿ, ಎಷ್ಟು ಉಳಿಯುತ್ತದೆ ಎಂದು ನೋಡುವುದು. ಒಂದು, ಮೂರು, ಐದು, ಏಳು ಉಳಿದರೆ ಶುಭ: ಧ್ವಜ, ಸಿಂಹ, ವೃಷಭ, ಗಜ. ಸಮಸಂಖ್ಯೆ ಉಳಿದರೆ ಅಶುಭ, ನಾಯಿ ಕತ್ತೆಗಳ ಪಾಲು; ಗೋಡೆಯನ್ನು ಅಂಗುಲದಷ್ಟು ಆಚೀಚೆ ಸರಿಸಬೇಕು. ಇಲ್ಲಿ ಸ್ಲೈಡ್ ರೂಲು ಪೂರ್ತಿ ನಿರುಪಯೋಗಿ. ಅದು 'ನೂರ ಎಪ್ಪತ್ತನಾಲ್ಕೂವರೆಯ ಆಸುಪಾಸು' ಎಂದೀತು. ಆಸುಪಾಸಿನಲ್ಲಿ ಸಿಂಹವೂ ಇದೆ, ನಾಯಿಯೂ ಇದೆ. ಆಚಾರ್ರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಹಲಗೆಯ ಮೇಲೆ ಭಾಗಿಸತೊಡಗಿದರು. ಮನೆಯವರು ಉಸಿರು ಹಿಡಿದು ನಿಂತಿದ್ದರು.

ನಾನು ಮೆಲ್ಲನೆ ಯಂತ್ರ ತೆಗೆದೆ. ಹಲಗೆಯ ಮೇಲಿದ್ದ ಸಾವಿರದ ಮುನ್ನೂರ ತೊಂಬತ್ತೇಳನ್ನು ಎಂಟರಿಂದ ಭಾಗಿಸಿದೆ. ನೂರ ಎಪ್ಪತ್ತನಾಲ್ಕು ಬಿಂದು ಆರು ಎರಡು ಐದು. ಬಿಂದುವಿನ ಮುಂದಿನದನ್ನು ಎಂಟರಿಂದ ಗುಣಿಸಿದರೆ ಐದು.

"ಐದು, ಆಚಾರ್ರೆ."

ಆಚಾರ್ರು ತಲೆಯೆತ್ತಲಿಲ್ಲ. ಹಲಗೆಯ ಮೇಲಿನ ಭಾಗಾಕಾರ ಮುಗಿಸಿ, ಕೊನೆಯ ಐದಕ್ಕೆ ಸುತ್ತು ಹಾಕಿ, ಆಮೇಲೆ ನನ್ನನ್ನೂ ಯಂತ್ರವನ್ನೂ ನೋಡಿದರು.

"ಈ ಪೆಟ್ಟಿಗೆಯೊಳಗೆ ವೃಷಭ ಉಂಟಲ್ಲ ಮಾರಾಯ್ರೆ!"

ಅಂದಿನಿಂದ ಆಯಕ್ಕೆ ಕ್ಯಾಲ್ಕುಲೇಟರು, ಕಂಬಕ್ಕೆ ಸ್ಲೈಡ್ ರೂಲು ಎಂದು ಕಚೇರಿಯಲ್ಲಿ ಒಪ್ಪಂದವಾಯಿತು. ಕಂಬವೂ ಕ್ರಮೇಣ ನನ್ನ ಪೆಟ್ಟಿಗೆಯ ಕಡೆಗೇ ವಾಲಿತು. ಅದರ ಜೊತೆಗೆ ನಾನೊಂದು ಕಳ್ಳತನ ಕಲಿತೆ. ಉತ್ತರ ಅರೆಗಳಿಗೆಯಲ್ಲಿ ಸಿಗುವಾಗ ಅಂದಾಜಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಮೊದಲು ಗುಂಡಿ ಒತ್ತುವುದು. ಬಂದ ಉತ್ತರವನ್ನು ಸ್ವಲ್ಪ ಮೊಂಡು ಮಾಡಿ ಎಡಗಡೆ ಪೆನ್ಸಿಲಿನಲ್ಲಿ 'ಅಂದಾಜು' ಎಂದು ಬರೆಯುವುದು. ಮಾವ ಹಾಳೆ ತಿರುಗಿಸುತ್ತ, "ಸುಮ, ನಿನ್ನ ಅಂದಾಜು ಈಗೀಗ ಬಹಳ ಹತ್ತಿರ ಬರ್ತದೆ ಅಲ್ವಾ?" ಎನ್ನುತ್ತಿದ್ದರು. ಹೊಗಳಿಕೆ ಎಂದು ತಿಳಿದು ನಾನು ನಾಚಿಕೊಳ್ಳುತ್ತಿದ್ದೆ. ಇಂದು ಬರೆಯುವಾಗ ಆ 'ಅಲ್ವಾ' ಬೇರೆ ಥರ ಕೇಳಿಸುತ್ತಿದೆ. ಅವತ್ತೂ ಹಾಗೆಯೇ ಇತ್ತೋ, ನಾನು ಈಗ ಹಾಗೆ ಕೇಳಿಸಿಕೊಳ್ಳುತ್ತಿದ್ದೇನೋ.

ಏಪ್ರಿಲಿನಲ್ಲಿ ಸಿದ್ಧಕಟ್ಟೆಯ ಒಂದು ಶಾಲೆಯ ಸಭಾಂಗಣದ ಕೆಲಸ ಬಂತು. ಹಂಚಿನ ಮಾಡು; ಮಳೆಗೆ ಮುಂಚೆ ಆಗಬೇಕು. ಮರವೆಲ್ಲ ಊರವರು ಕೊಟ್ಟದ್ದು, ಒಂದೊಂದು ಮನೆಯಿಂದ ಒಂದೊಂದು ಹೆಬ್ಬಲಸು. ಮಾವ ಹೇಳಿದರು, "ಇದು ಪೂರ್ತಿ ನಿನ್ನದು. ಮಾಡು ಸರಿಯಾಗಿ ಕೂತರೆ ಮೂರನೇ ಚೌಕ ಕೊಡುವ." ಅಂದರೆ ಅಮ್ಮನ ಗಡುವೂ ನನ್ನ ಭವಿಷ್ಯವೂ ಆ ಮಾಡಿನ ಮೇಲೆ ಹಂಚಿನಂತೆ ಕೂತವು.

ನಾನು ಲೆಕ್ಕ ಹಾಕಿದೆ. ಮಾಡಿನ ನೆತ್ತಿಯ ಕೂಳಿಯಿಂದ ಗೋಡೆ ದಾಟಿ ಸೂರಿನವರೆಗೆ ಮಟ್ಟಸವಾಗಿ ಹದಿನಾಲ್ಕು ಅಡಿ, ಇಳಿಜಾರು ಮೂವತ್ತೆರಡು ಡಿಗ್ರಿ. ಹಾಗಾದರೆ ಇಳಿಜಾರಿಗೆ ಹಾಕುವ ಮರ, ನಮ್ಮ ಕಡೆಯ ಮಾತಿನಲ್ಲಿ ಪಕ್ಕಾಸು, ಎಷ್ಟು ಉದ್ದ? ಯಂತ್ರ ಹೇಳಿತು: ಹದಿನಾರು ಅಡಿಗೆ ಕೂದಲಷ್ಟು ಕಡಿಮೆ. ಹದಿನಾರು ಎಂದು ಬರೆದೆ; ಎಡಗಡೆ ಅಂದಾಜಿನ ಜಾಗದಲ್ಲೂ ಹದಿನಾರು ಎಂದು ಬರೆದೆ. ಶೀನಣ್ಣ ಟ್ರೇಸಿಂಗ್ ಮೇಲೆ ಸ್ಟೆನ್ಸಿಲ್ ಇಟ್ಟು ಅಚ್ಚಿನಂಥ ಅಂಕಿಗಳನ್ನು ಮಸಿಯಲ್ಲಿ ತುಂಬಿದ. ಮಾವ ಶನಿವಾರವಿಡೀ ಆ ಚಿತ್ರದ ಮುಂದೆ ಕುಳಿತಿದ್ದು, ಮೂರನೆಯ ಚೌಕದಲ್ಲಿ ತಮ್ಮ ಸಹಿ ಹಾಕಿದರು. ನನಗೇನೂ ಹೇಳಲಿಲ್ಲ. ಶೀನಣ್ಣ ಟ್ರೇಸಿಂಗಿನ ಅಡಿಗೆ ಪ್ರಿಂಟಿನ ಕಾಗದ ಇಟ್ಟು ತಾರಸಿಯ ಬಿಸಿಲಿಗೆ ಹಿಡಿದು, ಅಮೋನಿಯಾದ ಹೊಗೆ ಕೊಟ್ಟು, ಕಣ್ಣೀರು ಒರೆಸುತ್ತ ಪ್ರಿಂಟು ತೆಗೆದ. ಅದನ್ನು ಸುರುಳಿ ಸುತ್ತಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಸಿದ್ಧಕಟ್ಟೆಗೆ ಕಳಿಸಿದೆವು. ಚಿತ್ರದ ಅಡಿಯಲ್ಲಿ ಎಂದಿನ ಸೂಚನೆ ಇತ್ತು: ಚಿತ್ರವನ್ನು ಅಳೆಯಬೇಡಿ, ಬರೆದ ಅಂಕಿಯನ್ನೇ ಅನುಸರಿಸಿ.

ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ನಾನು ಮೆಟ್ಟಿಲಿನ ಲೆಕ್ಕಕ್ಕೆ ಕೂತಿದ್ದೆ. ಮೂವತ್ತು ಡಿಗ್ರಿಯ ಸೈನ್ ಬೇಕಿತ್ತು. ಅದು ಅರ್ಧ ಎಂದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಆದರೂ ಕೈ ಗುಂಡಿಗೆ ಹೋಯಿತು. ಯಂತ್ರ ಹೇಳಿತು: ಬಿಂದು ನಾಲ್ಕು ಐದು ನಾಲ್ಕು.

ಇನ್ನೊಮ್ಮೆ ಒತ್ತಿದೆ. ಅದೇ. ತೋರುಗಾಜಿನ ಮೂಲೆಯಲ್ಲಿ ಸೊಳ್ಳೆಯ ಗಾತ್ರದ ಅಕ್ಷರಗಳಿದ್ದವು. ಅದುವರೆಗೆ ನಾನು ಅವನ್ನು ಅಲಂಕಾರ ಎಂದು ತಿಳಿದಿದ್ದೆ. ಲಂಬಕೋನವನ್ನು ತೊಂಬತ್ತು ಪಾಲು ಮಾಡಿದರೆ ಒಂದು ಪಾಲು ಡಿಗ್ರಿ. ನೂರು ಪಾಲು ಮಾಡುವವರೂ ಲೋಕದಲ್ಲಿ ಎಲ್ಲೋ ಇದ್ದಾರೆ. ಯಾವಾಗಲೋ ಯಾವುದೋ ಗುಂಡಿಗೆ ನನ್ನ ಬೆರಳು ತಗಲಿ ಯಂತ್ರ ಆ ಎರಡನೆಯವರ ಪಕ್ಷ ಸೇರಿತ್ತು. ಪೂರಾ ತಪ್ಪಾಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಇದು ಸರಿಯ ಪಕ್ಕದ ಮನೆಯಲ್ಲಿ ವಾಸಿಸುವ ತಪ್ಪು.

ಯಂತ್ರವನ್ನು ಸರಿಪಡಿಸಿ ಪಕ್ಕಾಸನ್ನು ಮತ್ತೆ ಲೆಕ್ಕ ಹಾಕಿದೆ. ಹದಿನಾರು ಅಡಿ ಆರು ಇಂಚು. ನಾನು ಬರೆದದ್ದು ಹದಿನಾರು. ಒಂದೊಂದು ಮರವೂ ಅರ್ಧ ಅಡಿ ಗಿಡ್ಡ. ಉದ್ದವಾದ ಮರವನ್ನು ಕೊಯ್ಯಬಹುದು. ಗಿಡ್ಡವಾದದ್ದಕ್ಕೆ ಯಾವ ಆಚಾರಿಯೂ ಮರ ಬೆಳೆಸಿಕೊಡಲಾರ. ಊರವರು ಮನೆಮನೆಯಿಂದ ಕೊಟ್ಟ ಮರ!

ಟ್ರೇಸಿಂಗ್ ನೋಡೋಣವೆಂದರೆ ಅದು ಕಬ್ಬಿಣದ ಕಪಾಟಿನಲ್ಲಿ, ಬೀಗದಕೈ ಮಾವನ ಜೇಬಿನಲ್ಲಿ, ಮಾವ ಬೆಳ್ತಂಗಡಿಯಲ್ಲಿ. ಶೀನಣ್ಣ, "ಎಂತಾಯ್ತು ಅಕ್ಕ, ಮುಖ ಸುಣ್ಣದ ಹಾಗೆ ಆಗಿದೆ?" ಎಂದು ಕೇಳುತ್ತಿದ್ದಂತೆ ನಾನು ಮೆಟ್ಟಿಲು ಇಳಿದಾಗಿತ್ತು.

ಇಲ್ಲಿಗೆ ಆ ನೀಲಿ ಬಸ್ಸು. ಅದರ ಹಣೆಯ ಮೇಲೆ 'ಮೂಡುಬಿದಿರೆ' ಎಂದು ಬರೆದಿತ್ತು, ಸಿದ್ಧಕಟ್ಟೆ ದಾರಿಯಲ್ಲಿ ಸಿಗುವ ಊರು. ಮರ ಹೇಗೂ ಕೊಯ್ದಾಗಿರುತ್ತದೆ, ಇಳಿಯುವುದೇ ಬೇಡ, ಇದೇ ಬಸ್ಸಿನಲ್ಲಿ ಮುಂದೆ ಹೋಗಿ ಅಮ್ಮನಿಗೆ 'ಶಾಲೆ ಯಾವಾಗ ತೆರೆಯುವುದು?' ಎಂದು ಕೇಳಿದರಾಯಿತು ಎಂದುಕೊಂಡೆ. ಕಂಡಕ್ಟರರು ಹತ್ತಿರ ಬಂದು, "ಟೀಚರೇ, ಎಲ್ಲಿಗೆ?" ಎಂದರು. ಮೂಡುಬಿದಿರೆಗೆ ಆಗುವಷ್ಟು ದುಡ್ಡು ಕೈಯಲ್ಲಿ ಹಿಡಿದು ಸಿದ್ಧಕಟ್ಟೆಯ ಟಿಕೆಟು ಕೇಳಿದೆ.

ಶಾಲೆಯ ಅಂಗಳದಲ್ಲಿ ಮರದ ಹೊಟ್ಟಿನ ವಾಸನೆ. ವಾಸು ಆಚಾರ್ರು ವೀಳ್ಯ ಹಾಕುತ್ತ ಕುಳಿತಿದ್ದರು. ನಾನು ಗೇಟಿನಿಂದಲೇ ಕೂಗಿದೆ, "ಆಚಾರ್ರೆ, ಪಕ್ಕಾಸು ಕೊಯ್ಯಬೇಡಿ!"

"ಕೊಯ್ದು ಆಯ್ತಲ್ಲ ಅಮ್ಮ. ನಿನ್ನೆಯೇ. ಎಲ್ಲವೂ."

"ಎಷ್ಟಕ್ಕೆ?"

"ನೀವು ಬರೆದಷ್ಟಕ್ಕೇ."

ಮರದ ರಾಶಿಯ ಮೇಲೆ ನಾನು ಕುಳಿತೆನೋ ಬಿದ್ದೆನೋ. ಯಾರೋ ನೀರು, ಬೆಲ್ಲ ತಂದರು. ಬಿಸಿಲಿಗೆ ಹಾಗಾಯಿತು ಎಂದರು. ಬೆಲ್ಲ ಬಾಯಲ್ಲಿಟ್ಟುಕೊಂಡೇ ನಾನು ಚೀಲದಿಂದ ಟೇಪು ತೆಗೆದು, ಕೂತಿದ್ದ ಮರವನ್ನೇ ಅಳೆದೆ. ಹದಿನಾರು ಅಡಿ ಆರು ಇಂಚು. ಇನ್ನೊಂದು ಮರ ಅಳೆದೆ. ಹದಿನಾರು ಅಡಿ ಆರು ಇಂಚು. ಮೂರನೆಯದಕ್ಕೆ ಹೋದಾಗ ಆಚಾರ್ರು ವೀಳ್ಯ ಉಗುಳಿ ಎದ್ದು ಬಂದರು.

"ಎಂತ ಅಮ್ಮ, ನನ್ನ ಕೈಯಲ್ಲಿ ವಿಶ್ವಾಸ ಇಲ್ವಾ? ಕಾಗದ ತಕ್ಕೊಳ್ಳಿ, ನೀವೇ ನೋಡಿ."

ಅವರು ಪ್ರಿಂಟು ಬಿಡಿಸಿದರು. ಪಕ್ಕಾಸಿನ ಪಕ್ಕದಲ್ಲಿ, ಸ್ಟೆನ್ಸಿಲಿನ ಅಚ್ಚುಕಟ್ಟಾದ ಅಂಕಿಗಳಲ್ಲಿ, ಸ್ಪಷ್ಟವಾಗಿ ಹದಿನಾರು ಅಡಿ ಆರು ಇಂಚು.

"ಸುಮ್ಮನೆ ತಪಾಸಣೆ ಮಾಡ್ಲಿಕ್ಕೆ ಬಂದೆ, ಆಚಾರ್ರೆ."

"ಇಂಥ ತಪಾಸಣೆ ನಾನು ಕಂಡದ್ದಿಲ್ಲ. ಓಡಿಕೊಂಡು ಬಂದು ಬೆಲ್ಲ ತಿನ್ನುವ ತಪಾಸಣೆ," ಎಂದು ಆಚಾರ್ರು ನಕ್ಕರು.

ಕಚೇರಿಗೆ ಮರಳಿದಾಗ ಮಾವ ಬಂದಿದ್ದರು. ಕಪಾಟು ತೆರೆದಿತ್ತು. ಅವರು ತಲೆ ಎತ್ತದೆ ಕೇಳಿದರು, "ಎಲ್ಲಿಗೆ ಹೋಗಿದ್ದಿ?"

"ಸಿದ್ಧಕಟ್ಟೆಗೆ. ಪಕ್ಕಾಸು ನೋಡ್ಲಿಕ್ಕೆ."

"ಹೇಗುಂಟು?"

"ಸರಿ ಉಂಟು."

"ಎಷ್ಟು?"

"ಹದಿನಾರೂವರೆ."

"ಹ್ಞಾಂ. ಊಟ ಆಯ್ತಾ?"

"ಇಲ್ಲ."

"ಹೋಗಿ ಉಂಡು ಬಾ. ಬಂದು ಆ ಬೆಳ್ತಂಗಡಿಯ ಚಿತ್ರಕ್ಕೆ ಸಹಿ ಹಾಕು. ಮೂರನೇ ಚೌಕದಲ್ಲಿ."

ಆಗ ಹೇಳಿಬಿಡಬೇಕಿತ್ತು. ಮಾವ, ನಾನು ಹದಿನಾರು ಎಂದು ಬರೆದಿದ್ದೆ. ಅಂದಾಜನ್ನೂ ಕದ್ದೇ ಬರೆದದ್ದು ಎಂದು. ಮಾಡು ಕೂರುವ ಮೊದಲೇ ಚೌಕ ಯಾಕೆ ಕೊಡುತ್ತಿದ್ದಾರೆ ಎಂದೂ ಕೇಳಲಿಲ್ಲ. ಉಂಡು ಬಂದು ಸಹಿ ಹಾಕಿದೆ. ಅದಕ್ಕೆ ಮುಂಚೆ ಪ್ರತಿ ಅಂಕಿಯನ್ನೂ ಬಾಯಲ್ಲಿ ಅಂದಾಜು ಹೇಳಿ, ಬರೆದು, ಆಮೇಲೆಯೇ ಗುಂಡಿ ಒತ್ತಿ ನೋಡಿದೆ. ಒಂದು ಸಹಿಗೆ ಸಂಜೆಯಾಯಿತು. ಅಮ್ಮನಿಗೆ ಆ ಚಿತ್ರದ ಪ್ರಿಂಟನ್ನೇ ಕಳಿಸಿದೆ. ಅವಳು ಅದನ್ನು ಬಹಳ ವರ್ಷ ಬೀರುವಿನ ಸೀರೆಗಳ ಅಡಿಯಲ್ಲಿ ಹಾಸಿದ್ದಳು. ಅಮೋನಿಯಾದ ವಾಸನೆಗೆ ಜಿರಳೆ ಬರುವುದಿಲ್ಲವಂತೆ.

ಮಾವ ಇಲ್ಲದಾಗ ಒಮ್ಮೆ ಸಿದ್ಧಕಟ್ಟೆಯ ಟ್ರೇಸಿಂಗನ್ನು ಬೆಳಕಿಗೆ ಹಿಡಿದು ನೋಡಿದೆ. ಟ್ರೇಸಿಂಗಿನ ಮೇಲೆ ಮಸಿಯ ತಪ್ಪನ್ನು ತಿದ್ದುವುದು ಬ್ಲೇಡಿನಿಂದ. ಮೆಲ್ಲಗೆ ಕೆರೆದು, ಉಗುರಿನಿಂದ ಉಜ್ಜಿ ನುಣುಪು ಮಾಡಿ, ಮತ್ತೆ ಬರೆಯುವುದು. 'ಆರು ಇಂಚು' ಎಂದು ಬರೆದಿದ್ದ ಜಾಗದಲ್ಲಿ ಕಾಗದ ತೆಳುವಾಗಿ ಸ್ವಲ್ಪ ಜುಂಗು ಎದ್ದಿತ್ತು. ಆದರೆ ಸ್ಟೆನ್ಸಿಲಿನ ಅಂಕಿಗೆ ಕೈಬರಹ ಎಂಬುದಿಲ್ಲ. ಯಾರು ಬರೆದರೂ ಒಂದೇ. ಶೀನಣ್ಣನನ್ನು ಕೇಳಿದೆ. "ದಿನಕ್ಕೆ ಹತ್ತು ಕಡೆ ಬ್ಲೇಡು ಹಾಕ್ತೇನೆ ಅಕ್ಕ. ಯಾವುದು ಯಾರು ಹೇಳಿದ್ದು ಅಂತ ನೆನಪಿಟ್ಟರೆ ಬ್ಲೇಡೇ ನನ್ನನ್ನು ಕೆರೀತದೆ," ಎಂದ. ಈಗ ಶೀನಣ್ಣ ಇಲ್ಲ. ಶುಕ್ರವಾರ ಅವನು ಮಸಿ ತುಂಬುವಾಗ ನಾನೇ ಬೇರೆ ಅಂಕಿ ಬಾಯಲ್ಲಿ ಹೇಳಿ ಬರೆಸಿದೆನೇ? ಅದೂ ಅಸಾಧ್ಯವಲ್ಲ. ಆ ವಾರದ ಡೈರಿಯಲ್ಲಿ ಇರುವುದು ಒಂದೇ ಸಾಲು: 'ಸೆಕೆ. ಬೆಲ್ಲ ತಿಂದೆ.'

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾವು ಮಂಗಳೂರಿಗೆ ಕಂಪ್ಯೂಟರು ನೋಡಲು ಹೋದೆವು. ಮೂಡುಬಿದಿರೆಯಲ್ಲಿ ಒಂದು ನಾಲ್ಕು ಮಹಡಿಯ ಕಟ್ಟಡ ಬಂದಿತ್ತು. ತೊಲೆ ಕಂಬಗಳ ಲೆಕ್ಕ ಮಾಡುವ ಎರಡು ಸಾಫ್ಟ್‌ವೇರುಗಳನ್ನು ಮಾರಾಟಗಾರ ತೋರಿಸಿದ. ಒಂದು ಪರದೆಯ ಮೇಲೆ ಕಟ್ಟಡವನ್ನು ಬಣ್ಣಬಣ್ಣದಲ್ಲಿ ತಿರುಗಿಸುತ್ತಿತ್ತು. ಇನ್ನೊಂದು ಬರೀ ಅಂಕಿಗಳ ಸಾಲು. ಕೊನೆಯಲ್ಲಿ ಮೇಲೆ ಹೊರಿಸಿದ ಭಾರ ಇಷ್ಟು, ನೆಲಕ್ಕೆ ಇಳಿದ ಭಾರ ಇಷ್ಟು ಎಂದು ಎರಡು ಮೊತ್ತ; ಎರಡೂ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

"ಇದಕ್ಕೆ ತಾನು ತಪ್ಪಿದರೆ ಗೊತ್ತಾಗ್ತದಾ?" ಎಂದು ಮಾವ ಬಣ್ಣದ್ದನ್ನು ತೋರಿಸಿ ಕೇಳಿದರು.

"ಸಾರ್, ಇದು ತಪ್ಪುದೇ ಇಲ್ಲ."

"ಹಾಗಾದರೆ ಬೇಡ. ಆಚೆಯದ್ದನ್ನು ಕೊಡಿ. ತಪ್ಪದೆ ಇರುವವರ ಜೊತೆ ಕೆಲಸ ಮಾಡುದು ಕಷ್ಟ," ಎಂದರು ಮಾವ. ಹೇಳುವಾಗ ನನ್ನ ಕಡೆ ನೋಡಿದರೆಂದು ನನಗೆ ನೆನಪು. ಈ ನೆನಪನ್ನು ಮಾತ್ರ ನಾನು ಕೋಳಿಗಳಿಗಿಂತ ಹೆಚ್ಚು ನಂಬುವುದಿಲ್ಲ; ನೋಡಲಿ ಎಂದು ನಾನು ಆಸೆಪಟ್ಟದ್ದೂ ಇದ್ದೀತು.

ಮಾವನಿಗೆ ಈಗ ಎಂಬತ್ತೇಳು. ಬೆಳ್ತಂಗಡಿ ಪೇಟೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಇದ್ದಾರೆ. ಕಿವಿ ಚುರುಕು, ಬೇಕಾದಾಗ. ಚೀನಿಕಾಯಿಯ ಪ್ರಸಂಗವಾದ ಮೇಲೆ ಅಲ್ಲಿಗೆ ಹೋದಾಗ ಧೈರ್ಯ ಮಾಡಿ ಎಲ್ಲ ಹೇಳಿದೆ: ಗುಂಡಿ, ಹದಿನಾರು, ಕದ್ದ ಅಂದಾಜು, ಬಸ್ಸು, ಬೆಲ್ಲ. ನಲವತ್ತು ವರ್ಷ ತಡವಾದ ತಪ್ಪೊಪ್ಪಿಗೆ. ಮಾವ ಎಲ್ಲವನ್ನೂ ಕೇಳಿ, ಕೋಳಿಗಳ ಭಾಗಕ್ಕೆ ಚೆನ್ನಾಗಿ ನಕ್ಕು, ಆಮೇಲೆ ತಲೆಯ ಮೇಲಿನ ತಾರಸಿಯ ಕಡೆ ನೋಡಿ, "ಈ ಫ್ಯಾನಿನ ಕೊಕ್ಕೆ ಯಾರು ಹಾಕಿದ್ದೋ, ಎರಡು ಆನೆ ತೂಗಬಹುದು" ಎಂದರು. ಅಷ್ಟರಲ್ಲಿ ಕಾಫಿ ಬಂತು.

ಮನೆಗೆ ಬಂದು ಅವರ ಫೋನಿಗೆ ಬರೆದು ಕಳಿಸಿದೆ. ಓದಿದ್ದಾರೆ, ಎರಡು ನೀಲಿ ಗೆರೆ ಬಿದ್ದು ಮೂರು ವಾರವಾಯಿತು. ದಿನಾ ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ, ಹಬ್ಬದ ಶುಭಾಶಯ ಬರುತ್ತದೆ, ಮೊಮ್ಮಗಳ ಅಂಕಪಟ್ಟಿಯೂ ಬಂತು. ನಾನು ಬರೆದದ್ದು ಇಷ್ಟೇ:

"ಮಾವ, ಆ ಟ್ರೇಸಿಂಗನ್ನು ಕೆರೆದದ್ದು ನೀವಾ? ಹೌದಾದರೆ, ತಪ್ಪು ಮಾಡಿಯೂ ಹೇಳದೆ ಎದುರು ನಿಂತವಳ ಕೈಗೆ ಅದೇ ಮಧ್ಯಾಹ್ನ ಆ ಚೌಕವನ್ನು ಯಾಕೆ ಕೊಟ್ಟಿರಿ?"